ಪುರಸಭೆ

ಕರ್ನಾಟಕದಲ್ಲಿ ಸಾಮಾನ್ಯವಾಗಿ 20,000ದಿಂದ 50,000 ಜನಸಂಖ್ಯೆಯ ಪಟ್ಟಣಗಳ ಆಡಳಿತ ನಡೆಸುವ ಚುನಾಯಿತ ಸಂಸ್ಥೆ. ಗಾತ್ರದಲ್ಲಿ ಪಟ್ಟಣ ಪಂಚಾಯಿತಿಗಿಂತ ದೊಡ್ಡದು, ನಗರಸಭೆಗಿಂತ ಚಿಕ್ಕದು. 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮ ಇದಕ್ಕೆ ಆಧಾರ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ಇಂಥ ಸಂಸ್ಥೆಗಳಿಗೆ ಸಂವಿಧಾನದ ಮಾನ್ಯತೆ ನೀಡಿತು.

ವಾರ್ಡಿಗೊಬ್ಬರಂತೆ ಆಯ್ಕೆಯಾಗುವ ಸದಸ್ಯರ ಅವಧಿ ಐದು ವರ್ಷ. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳಿಗೆ ಮೀಸಲಾತಿ ಸರದಿಯಂತೆ ಬದಲಾಗುತ್ತದೆ. ಸರ್ಕಾರ ನೇಮಿಸುವ ಮುಖ್ಯಾಧಿಕಾರಿ ಕಚೇರಿಯ ಆಡಳಿತವನ್ನು ನೋಡಿಕೊಳ್ಳುತ್ತಾರೆ.

ಪುರಸಭೆಯ ನಿಜವಾದ ಮಹತ್ವ ಕಾಣುವುದು ದಿನನಿತ್ಯದ ಕೆಲಸದಲ್ಲಿ: ನಲ್ಲಿ ನೀರು, ಬೀದಿ ದೀಪ, ಚರಂಡಿ, ಕಸ ವಿಲೇವಾರಿ, ಸಂತೆ ಮೈದಾನ, ಸ್ಮಶಾನ. ಮನೆ ಕಟ್ಟಲು ಪರವಾನಗಿ, ಖಾತೆ ಬದಲಾವಣೆ, ಅಂಗಡಿಗೆ ಲೈಸೆನ್ಸ್ ಇಲ್ಲಿಯೇ ಸಿಗುತ್ತವೆ. ನಸುಕಿನಲ್ಲೇ ಬೀದಿಗಿಳಿಯುವ ಪೌರಕಾರ್ಮಿಕರಿಲ್ಲದೆ ಈ ಆಡಳಿತ ಒಂದು ದಿನವೂ ನಡೆಯದು.

ಆಸ್ತಿ ತೆರಿಗೆ, ನೀರಿನ ಕರ, ಮಳಿಗೆಗಳ ಬಾಡಿಗೆ ಸ್ವಂತ ಆದಾಯದ ಮೂಲಗಳು. ಇವು ಖರ್ಚಿಗೆ ಸಾಲುವುದು ಅಪರೂಪ. ಆದ್ದರಿಂದ ರಾಜ್ಯ ಹಣಕಾಸು ಆಯೋಗದ ಶಿಫಾರಸಿನಂತೆ ಬರುವ ಅನುದಾನವೇ ಹೆಚ್ಚಿನ ಪುರಸಭೆಗಳಿಗೆ ಆಸರೆ. ವಾರ್ಷಿಕ ಆಯವ್ಯಯಕ್ಕೆ ಸದಸ್ಯರ ಸಭೆಯ ಒಪ್ಪಿಗೆ ಬೇಕು.