ಮೈತುಂಬಿದ ಕುರಿ, ಮಾರುವ ವೇಳೆ

ಸಿಡ್ನಿಯ ಫ್ಲೆಮಿಂಗ್ಟನ್ ಮಾರುಕಟ್ಟೆಗೆ ತರಕಾರಿ ಕೊಳ್ಳಲು ಹೋಗುವ ನಮ್ಮಲ್ಲಿ ಅನೇಕರಿಗೆ, ಅದೇ ನೆಲದಲ್ಲಿ ಒಂದು ಕಾಲಕ್ಕೆ ಕುರಿ ದನಗಳ ಹರಾಜು ನಡೆಯುತ್ತಿತ್ತೆಂಬುದು ತಿಳಿದಿರಲಾರದು. ಮೆಲ್ಬರ್ನಿನ ಕೆನ್ಸಿಂಗ್ಟನ್‌ನಲ್ಲಿದ್ದ ನ್ಯೂಮಾರ್ಕೆಟ್ ಸಂತೆಯೂ ಒಂದು ಶತಮಾನಕ್ಕೂ ಹೆಚ್ಚು ಕಾಲ ನಡೆದು 1987ರಲ್ಲಿ ಮುಚ್ಚಿತು. ಈಗ ಅಲ್ಲಿ ಮನೆಗಳೆದ್ದಿವೆ. ಈ ಎರಡೂ ಅಂಗಳಗಳಲ್ಲಿ ಪ್ರತಿಯೊಬ್ಬ ಕುರಿಗಾರನನ್ನೂ ಕಾಡುತ್ತಿದ್ದ ಪ್ರಶ್ನೆ ಒಂದೇ: ಇಂದು ಮಾರಬೇಕೆ, ಕಾಯಬೇಕೆ?

ಕಾಯಲಾರದವನ ಪಾಡೇನೆಂಬುದನ್ನು 1843 ತೋರಿಸಿತು. ಬರ, ಲಂಡನ್ನಿನಲ್ಲಿ ಕುಸಿದ ಉಣ್ಣೆಯ ಬೆಲೆ, ಬತ್ತಿಹೋದ ಸಾಲ, ಇವೆಲ್ಲ ಒಟ್ಟಿಗೆ ಬಂದೆರಗಿದವು. ಸಿಡ್ನಿಯ ಬ್ಯಾಂಕ್ ಆಫ್ ಆಸ್ಟ್ರೇಲಿಯಾ ಬಿದ್ದುಹೋಯಿತು. ಕುರಿಯ ಬೆಲೆ ಕೆಲವೆಡೆ ಆರು ಪೆನ್ನಿಗೆ ಇಳಿಯಿತು. ಆಗ ಯಾಸ್ ಪ್ರದೇಶದ ಹೆನ್ರಿ ಓಬ್ರಿಯನ್ ಎಂಬುವರು ಕುರಿಯನ್ನು ಕುದಿಸಿ ಕೊಬ್ಬು ತೆಗೆದರೆ ತಲೆಗೆ ಸುಮಾರು ಐದಾರು ಷಿಲಿಂಗ್ ದೊರೆಯುವುದೆಂದು ತೋರಿಸಿಕೊಟ್ಟರು. ಆ ಕೊಬ್ಬು ಮೇಣದಬತ್ತಿಗೂ ಸಾಬೂನಿಗೂ ಬೇಕಾಗಿದ್ದಿತು. ಮಾಂಸವು ಬಹುಪಾಲು ವ್ಯರ್ಥವಾಯಿತು, ನಿಜ. ಆದರೆ ಕುರಿಗೆ ಒಂದು ತಳಬೆಲೆ ದೊರಕಿತು. ಅದಕ್ಕಿಂತ ಕಡಿಮೆಗೆ ಕೇಳಿದವನಿಗೆ 'ಕೊಡುವುದಿಲ್ಲ' ಎನ್ನುವ ಧೈರ್ಯ ಮಾರುವವನಿಗೆ ಬಂದಿತು.

1880ರ ಫೆಬ್ರವರಿಯಲ್ಲಿ ಸ್ಟ್ರಾತ್‌ಲೆವನ್ ಎಂಬ ಹಡಗು ಆಸ್ಟ್ರೇಲಿಯಾದ ಹೆಪ್ಪುಗಟ್ಟಿಸಿದ ಮಾಂಸವನ್ನು ಕೆಡದಂತೆ ಲಂಡನ್ನಿಗೆ ತಲುಪಿಸಿತು. ಅಲ್ಲಿಂದ ಮುಂದೆ ಕೊಬ್ಬಿಗಾಗಿ ಮಾತ್ರವಲ್ಲ, ಮಾಂಸಕ್ಕಾಗಿಯೂ ಕುರಿಯನ್ನು ಮೈತುಂಬಿಸುವುದು ಲಾಭದ ಕಸುಬಾಯಿತು.

ಮೈತುಂಬಿದೆಯೆಂದು ತಿಳಿಯುವುದು ಹೇಗೆ? ವೈದ್ಯರಾದ ನಮಗೆ ಈ ಪರೀಕ್ಷೆ ಬಹು ಪರಿಚಿತವೆನಿಸುತ್ತದೆ. ಇಲ್ಲಿನ ರೈತರು 12ನೆಯ ಪಕ್ಕೆಲುಬಿನ ಮೇಲೆ ಬೆರಳೊತ್ತಿ, ಕೊಬ್ಬಿಗೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಕೊಬ್ಬು ಮಿತಿಮೀರಿದ ಮೇಲೆ ತಿನ್ನಿಸಿದ ಮೇವು ನಷ್ಟವೇ ಸರಿ. ವಸಂತದಲ್ಲಿ ಹುಲ್ಲು ಚಿಗುರಿ ಎಲ್ಲರ ಮರಿಗಳೂ ಒಮ್ಮೆಗೇ ಸಿದ್ಧವಾಗುವುದರಿಂದ ಬೆಲೆ ಸಾಮಾನ್ಯವಾಗಿ ಇಳಿಯುತ್ತದೆ. ಇತ್ತ ತಡಮಾಡಿದರೆ ಕಾಯಂ ಹಲ್ಲು ಮೂಡಿ, ಎಳೆಮರಿಯ ಬೆಲೆಯೇ ಕೈತಪ್ಪುತ್ತದೆ. ಆ ಹಲ್ಲು ಪೂರ್ತಿ ಬೆಳೆಯುವವರೆಗೂ ಮರಿಯೆಂದೇ ಎಣಿಸಬಹುದೆಂದು 2019ರ ಜುಲೈಯಲ್ಲಿ ನಿಯಮ ಸಡಿಲಾದದ್ದು, ರೈತನಿಗೆ ಕೆಲವು ವಾರಗಳ ಬಿಡುವು ಕೊಟ್ಟಂತೆ.

ನಮ್ಮ ನಾಡಿನಲ್ಲಿ ಹಲ್ಲಿನ ಲೆಕ್ಕ ತಿರುಗುಮುರುಗು. ಬಕ್ರೀದಿಗೆ ಟಗರು ಕೊಳ್ಳುವವರು ವಯಸ್ಸು ತುಂಬಿದೆಯೆಂಬುದನ್ನು ಬಾಯಿ ಬಿಡಿಸಿ, ಹಲ್ಲು ನೋಡಿಯೇ ಖಚಿತಪಡಿಸಿಕೊಳ್ಳುತ್ತಾರೆ. ಮಂಡ್ಯದ ಕಡೆ ಬನ್ನೂರು ಕುರಿಯನ್ನು ಕಟ್ಟಿ ಮೇಯಿಸುವವರಿಗೆ ಹಬ್ಬದ ಹಿಂದಿನ ವಾರವೇ ಸುಗ್ಗಿ; ಹಬ್ಬ ಕಳೆದರೆ ಗಿರಾಕಿಯೂ ಇಲ್ಲ, ಆ ಬೆಲೆಯೂ ಇಲ್ಲ. ಹಬ್ಬವು ವರ್ಷಕ್ಕೆ ಸುಮಾರು 11 ದಿನ ಮುಂಚೆ ಬರುವುದರಿಂದ ಪ್ರತಿ ವರ್ಷವೂ ಹೊಸ ಲೆಕ್ಕ.

ಬೆಲೆಯನ್ನು ಕಟ್ಟಿಹಾಕಿಬಿಟ್ಟರೆ ಈ ಚಿಂತೆ ತಪ್ಪುವುದಲ್ಲವೆ? ಆಸ್ಟ್ರೇಲಿಯಾ ಅದನ್ನೂ ಮಾಡಿ ನೋಡಿತು. ಉಣ್ಣೆಗೆ ಕಿಲೋಗೆ 870 ಸೆಂಟ್‌ವರೆಗೆ ಏರಿಸಿದ್ದ ತಳಬೆಲೆಗೆ ಕೊಳ್ಳುವವರಿಲ್ಲದೆ, 40 ಲಕ್ಷಕ್ಕೂ ಹೆಚ್ಚು ಬೇಲುಗಳು ಗೋದಾಮು ಸೇರಿದವು. 1991ರ ಫೆಬ್ರವರಿಯಲ್ಲಿ ಯೋಜನೆಯೇ ನಿಂತಿತು. ಆಗ ದೇಶದಲ್ಲಿ ಸುಮಾರು 17 ಕೋಟಿ ಕುರಿಗಳಿದ್ದವು. ಮಾರಲಾಗದ ಅಸಂಖ್ಯ ಕುರಿಗಳನ್ನು ಸಾಕಿದವರೇ ಗುಂಡಿಕ್ಕಿ ಹೂಳಬೇಕಾಯಿತು. 1843ರ ತಳಬೆಲೆ ಉಳಿದದ್ದು ಅದರ ಹಿಂದೆ ಕೊಬ್ಬನ್ನು ನಿಜವಾಗಿ ಕೊಳ್ಳುವವರಿದ್ದುದರಿಂದ.

ಊರಿನಲ್ಲಿ ಮಕ್ಕಳ ಶುಲ್ಕಕ್ಕೋ ಮದುವೆಗೋ ಕೊಟ್ಟಿಗೆಯ ಕುರಿಯನ್ನು ಅಗ್ಗಕ್ಕೆ ಬಿಟ್ಟುಕೊಟ್ಟ ಹಿರಿಯರಿಗೆ ಬೆಲೆ ತಿಳಿಯದಿರಲಿಲ್ಲ, ಕಾಯುವ ಅನುಕೂಲವಿರಲಿಲ್ಲ. ಫ್ಲೆಮಿಂಗ್ಟನ್ನಿನಲ್ಲಿ ಚೀಲ ಹಿಡಿದು ಚೌಕಾಸಿಗೆ ನಿಂತಾಗ ನಮಗೆ ಇದು ನೆನಪಿರಲಿ.