ಗೊಬ್ಬರದ ಗುಂಡಿಗೆ ಬೆಂಗಳೂರಿನ ಹೆಸರು

ಹಿತ್ತಲಲ್ಲಿ ಗೊಬ್ಬರ ಮಾಡೋದು ಹೇಗೆ ಅಂತ ಇಲ್ಲಿನ ಲೈಬ್ರರಿಯಲ್ಲಿ ಒಂದು ಪುಸ್ತಕ ತಿರುವಿ ಹಾಕ್ತಿದ್ದೆ. ಒಂದು ಪುಟದಲ್ಲಿ 'ಇಂದೋರ್ ವಿಧಾನ', ಅದರ ಕೆಳಗೇ 'ಬೆಂಗಳೂರು ವಿಧಾನ'! ಸಾಫ್ಟ್‌ವೇರ್ ಬಿಟ್ಟು ಬೇರೊಂದಕ್ಕೂ ನಮ್ಮೂರಿನ ಹೆಸರಿದೆಯಲ್ಲ ಅಂತ ಖುಷಿಯಾಯ್ತು.

ಇಂದೋರ್ ವಿಧಾನ ಆಲ್ಬರ್ಟ್ ಹೋವರ್ಡ್ ಎಂಬ ಇಂಗ್ಲಿಷ್ ಕೃಷಿ ವಿಜ್ಞಾನಿಯದು. 1924ರಿಂದ 1931ರವರೆಗೆ ಇಂದೋರಿನಲ್ಲಿದ್ದಾಗ ರೂಪಿಸಿದ್ದು. ಕಸಕಡ್ಡಿ, ಸಗಣಿ, ಮಣ್ಣನ್ನು ಪದರ ಪದರವಾಗಿ ಹಾಕಿ, ಆಗಾಗ ಮಗುಚಿದರೆ ಸುಮಾರು ಮೂರು ತಿಂಗಳಲ್ಲಿ ಗೊಬ್ಬರ. ನಮ್ಮ ಹಳ್ಳಿಯ ತಿಪ್ಪೆಗುಂಡಿಯನ್ನೇ ಒಂದು ಲೆಕ್ಕಕ್ಕೆ ತಂದ ಹಾಗೆ. ಆದರೆ ಮಗುಚೋಕೆ ಆಳು ಬೇಕು.

1939ರಲ್ಲಿ ಬೆಂಗಳೂರಿನಲ್ಲಿ ಸಿ.ಎನ್. ಆಚಾರ್ಯ ಎಂಬ ವಿಜ್ಞಾನಿ ಇದಕ್ಕೊಂದು ದಾರಿ ಕಂಡುಕೊಂಡರು. ಸುಮಾರು ಮೂರಡಿ ಆಳದ ಗುಂಡಿ. ಒಂದು ಪದರ ಊರಿನ ಕಸ, ಅದರ ಮೇಲೆ ಪಾಯಿಖಾನೆಯ ಮಲ, ಮತ್ತೆ ಕಸ. ಕೊನೆಗೆ ಮಣ್ಣು ಮುಚ್ಚಿ ಆರೆಂಟು ತಿಂಗಳು ಬಿಟ್ಟುಬಿಡೋದು. ಮೊದಲ ಕೆಲವು ದಿನ ಒಳಗೆ ಕಾವೇರುತ್ತದೆ, ಆಮೇಲೆ ಗಾಳಿಯಿಲ್ಲದೆ ನಿಧಾನಕ್ಕೆ ಕೊಳೆಯುತ್ತದೆ. ಮಗುಚೋ ಕೆಲಸವೇ ಇಲ್ಲ!

ಆದರೆ ಆ ಮಲವನ್ನು ಮನೆಮನೆಯಿಂದ ಬಾಚಿ ಹೊತ್ತು ತಂದವರು ಯಾರು? ಹುಟ್ಟಿದ ಜಾತಿಯ ಕಾರಣಕ್ಕೆ ಅದೇ ಕೆಲಸಕ್ಕೆ ಕಟ್ಟುಬಿದ್ದವರು. ಮಗುಚೋ ಕೂಲಿ ಉಳಿಯಿತು, ಹೊರೋ ಕೈಗಳಿಗೆ ಬಿಡುಗಡೆ ಸಿಗಲಿಲ್ಲ.

ಆಗಿನ ಕಸ ಅಂದ್ರೆ ಬೂದಿ, ಎಲೆ, ತರಕಾರಿ ಸಿಪ್ಪೆ, ಬಹುಪಾಲು ಮಣ್ಣಾಗುವಂಥದ್ದೇ. ಆಮೇಲೆ ಪ್ಲಾಸ್ಟಿಕ್ ಬಂತು. ಎಲ್ಲಾ ಒಂದೇ ಚೀಲಕ್ಕೆ ತುರುಕಿ ಬೀದಿ ಮೂಲೆಗೆ ಎಸೆದರೆ ಯಾವ ವಿಧಾನವೂ ನಡೆಯೋಲ್ಲ. ಗೊಬ್ಬರಕ್ಕೆ ಹೆಸರು ಕೊಟ್ಟ ಊರು ತನ್ನ ಕಸವನ್ನು ಮಾವಳ್ಳಿಪುರ, ಮಂಡೂರುಗಳ ಪಕ್ಕ ತಂದು ಸುರಿಯಿತು. ಹಳ್ಳಿಯವರು ತಿರುಗಿಬಿದ್ದರು. 2012ರಲ್ಲಿ ಮಾವಳ್ಳಿಪುರಕ್ಕೆ ಲಾರಿ ಹೋಗೋದು ನಿಂತಾಗ ಬೆಂಗಳೂರಿನ ಬೀದಿಗಳೇ ತಿಪ್ಪೆಯಾದವು. ಹಸಿ ಕಸ, ಒಣ ಕಸವನ್ನು ಮನೆಯಲ್ಲೇ ಬೇರೆ ಮಾಡಿ ಅಂತ ಅದೇ ವರ್ಷ ಹೈಕೋರ್ಟು ಹೇಳಬೇಕಾಯ್ತು.

ಅಡುಗೆಮನೆಯಲ್ಲಿ ನಾವು ಬೇರೆ ಮಾಡದ್ದನ್ನು ಕೊನೆಗೆ ಪೌರಕಾರ್ಮಿಕರೋ ಚಿಂದಿ ಆಯುವವರೋ ಕೈ ಹಾಕಿ ಬೇರೆ ಮಾಡಬೇಕು. ಎಷ್ಟೋ ಸಲ ಬರಿಗೈಯಲ್ಲಿ. 1939ರ ಕಥೆ ಪೂರ್ತಿ ಹಳತಾಗಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಅಮ್ಮನಿಗೆ ಹೇಳಿ, "ಮನೇಲಿ ಎರಡು ಬಕೆಟ್ ಇಡಮ್ಮ" ಅಂದೆ.

"ಇಟ್ಟು ಎಷ್ಟೋ ವರ್ಷ ಆಯ್ತು ಕಣೋ. ನೀನು ರಜಕ್ಕೆ ಬಂದಾಗಲೇ ಎಲ್ಲಾ ಒಂದರಲ್ಲೇ ಬೀಳೋದು" ಅಂದಳು.