ಎರಿಕ್ ಕ್ಲಾಪ್ಟನ್: 1970ರ ವರ್ಷ

ಇಂಗ್ಲೆಂಡಿನ ಬ್ಲೂಸ್-ರಾಕ್ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ (ಜನನ 1945) ತನ್ನ ಹೆಸರಿನ ಮೊದಲ ಆಲ್ಬಮ್ ಹೊರತಂದದ್ದು, ‘ಡೆರೆಕ್ ಅಂಡ್ ದ ಡೊಮಿನೋಸ್’ ತಂಡ ಕಟ್ಟಿದ್ದು, ‘ಲೈಲಾ’ ಧ್ವನಿಮುದ್ರಿಸಿದ್ದು, ಎರಡು ಖಂಡಗಳಲ್ಲಿ ಪ್ರವಾಸ ಮಾಡಿದ್ದು ಎಲ್ಲವೂ 1970ರಲ್ಲೇ. ಆ ವರ್ಷದ ದಾಖಲೆಗಳು ಎಷ್ಟು ಹೇರಳವೋ ಅಷ್ಟೇ ಗೋಜಲು. ‘ಕ್ರೀಮ್’ ತಂಡ ತಂದುಕೊಟ್ಟ ತಾರಾಪಟ್ಟದಿಂದ ಬೇಸತ್ತಿದ್ದ ಈತ ತನ್ನ ಹೆಸರನ್ನು ಮರೆಗೆ ಸರಿಸಲು ನೋಡಿದ. ಕಂಪನಿಗಳ ಒಪ್ಪಂದದ ತೊಡಕು ಕೆಲವು ಕಡೆ ಆ ಹೆಸರನ್ನು ಮುದ್ರಿಸಲೇ ಬಿಡಲಿಲ್ಲ. ಯಾವ ಹಾಡಿಗೆ ಯಾರು ನುಡಿಸಿದರು, ಯಾವುದು ಯಾರ ರಚನೆ ಎಂಬ ವಾದಗಳಿಗೆ ಮೂಲ ಇಲ್ಲಿದೆ.

ವರ್ಷ ಆರಂಭವಾದಾಗ ಈತ ಅಮೆರಿಕದ ಡೆಲನಿ ಮತ್ತು ಬಾನಿ ಬ್ರ್ಯಾಮ್ಲೆಟ್ ದಂಪತಿಯ ತಂಡದಲ್ಲಿ ಪಕ್ಕವಾದ್ಯದವನಾಗಿದ್ದ. ಡೆಲನಿಯ ಒತ್ತಾಸೆಯಿಂದಲೇ ಹಾಡುವ ಧೈರ್ಯ ಮಾಡಿ, ಅದೇ ವಾದ್ಯಗಾರರೊಂದಿಗೆ ಮುದ್ರಿಸಿದ ‘ಎರಿಕ್ ಕ್ಲಾಪ್ಟನ್’ ಆಲ್ಬಮ್ ಆಗಸ್ಟ್‌ನಲ್ಲಿ ಬಂತು. ಜೆ.ಜೆ. ಕೇಲ್‌ನ ರಚನೆ ‘ಆಫ್ಟರ್ ಮಿಡ್‌ನೈಟ್’ ಅಮೆರಿಕದ ಪಟ್ಟಿಯಲ್ಲಿ 18ನೆಯ ಸ್ಥಾನ ಮುಟ್ಟಿತು. ಈ ಆಲ್ಬಮ್ಮಿಗೆ ಮೂರು ಮಿಕ್ಸ್‌ಗಳಿವೆ: ಡೆಲನಿಯದು, ಕ್ಲಾಪ್ಟನ್‌ನದು, ನಿರ್ಮಾಪಕ ಟಾಮ್ ಡೌಡ್‌ನದು. 1970ರಲ್ಲಿ ಅಂಗಡಿಗೆ ಬಂದದ್ದು ಮೂರನೆಯದು. ಡೆಲನಿಯ ಮಿಕ್ಸ್ 2006ರಲ್ಲಿ ಹೊರಬಂತು. ಮೂರೂ ಒಟ್ಟಿಗೆ ಸಿಕ್ಕಿದ್ದು 2021ರಲ್ಲಿ.

ಮೇ ತಿಂಗಳಲ್ಲಿ ಲಂಡನ್ನಿನ ಒಲಿಂಪಿಕ್ ಸ್ಟುಡಿಯೊದಲ್ಲಿ ನಡೆದ ಹೌಲಿನ್ ವುಲ್ಫ್ ಧ್ವನಿಮುದ್ರಣಕ್ಕೆ ಜೀವನಚರಿತ್ರೆಕಾರರು ಅದಕ್ಕೆ ಸಲ್ಲಬೇಕಾದಷ್ಟು ಜಾಗ ಕೊಟ್ಟಿಲ್ಲ. ಶಿಕಾಗೊ ಬ್ಲೂಸ್‌ನ ಹಿರಿಯ ವುಲ್ಫ್ ಆಗ ಅರವತ್ತರ ಹೊಸ್ತಿಲಲ್ಲಿದ್ದ. ರೋಲಿಂಗ್ ಸ್ಟೋನ್ಸ್ ತಂಡದ ಬಿಲ್ ವೈಮನ್ ಮತ್ತು ಚಾರ್ಲಿ ವಾಟ್ಸ್ ಕ್ಲಾಪ್ಟನ್ ಜೊತೆಗೂಡಿದರು. ವುಲ್ಫ್‌ನ ಬಹುಕಾಲದ ಗಿಟಾರ್ ಸಂಗಾತಿ ಹ್ಯೂಬರ್ಟ್ ಸಮ್ಲಿನ್ ಬರಲೇಬೇಕೆಂದು ಪಟ್ಟು ಹಿಡಿದವನು ಕ್ಲಾಪ್ಟನ್. ‘ದ ಲಿಟಲ್ ರೆಡ್ ರೂಸ್ಟರ್’ ಹಾಡಿನ ಲಯವನ್ನು ವುಲ್ಫ್ ತಾನೇ ಗಿಟಾರ್ ಹಿಡಿದು ಹೇಳಿಕೊಡುವ ಭಾಗ 1971ರ ಆಲ್ಬಮ್ಮಿನಲ್ಲಿ ಹಾಗೆಯೇ ಉಳಿದಿದೆ. ಬ್ಲೂಸ್ ಗುರುವಿನ ಮುಂದೆ ಪ್ರಸಿದ್ಧ ಶಿಷ್ಯ ಪಾಠ ಹೇಳಿಸಿಕೊಳ್ಳುವುದು ಇಷ್ಟು ಸ್ಪಷ್ಟವಾಗಿ ಬೇರೆಡೆ ಕೇಳಸಿಗುವುದು ಅಪರೂಪ.

ಹೊಸ ತಂಡದ ಬೇರು ಡೆಲನಿ-ಬಾನಿ ಬಳಗದ ಒಡಕಿನಲ್ಲಿತ್ತು. ಆ ಬಳಗದ ಹಲವರು ಜೋ ಕಾಕರ್‌ನ ಪ್ರವಾಸಕ್ಕೆ ಹೊರಟುಹೋದರು. ಕೀಬೋರ್ಡ್ ವಾದಕ ಬಾಬಿ ವಿಟ್‌ಲಾಕ್ ಸರ್ರೆಯಲ್ಲಿದ್ದ ಕ್ಲಾಪ್ಟನ್‌ನ ಮನೆಗೆ ಬಂದು ತಂಗಿದ. ಬಾಸ್ ಗಿಟಾರಿನ ಕಾರ್ಲ್ ರೇಡಲ್ ಮತ್ತು ಡ್ರಮ್ಸ್‌ನ ಜಿಮ್ ಗಾರ್ಡನ್ ಪ್ರವಾಸ ಮುಗಿಸಿ ಬಂದು ಸೇರಿಕೊಂಡರು. ಜಾರ್ಜ್ ಹ್ಯಾರಿಸನ್‌ನ ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಆಲ್ಬಮ್ಮಿಗೆ ಈ ನಾಲ್ವರೂ ನುಡಿಸಿದ್ದಾರೆ. ಆದರೆ ಬ್ರಿಟನ್ನಿನ ಪ್ರತಿಗಳಲ್ಲಿ ಮೂರನೆಯ ತಟ್ಟೆಯ ವಾದಕರ ಪಟ್ಟಿಯಲ್ಲಿ ಮಾತ್ರ ಕ್ಲಾಪ್ಟನ್‌ನ ಹೆಸರಿತ್ತು. ಒಪ್ಪಂದದ ಕಾರಣಕ್ಕೆ ಮೊದಲೆರಡು ತಟ್ಟೆಗಳಲ್ಲಿ ಈತನ ಪಾಲು ಬಹುಕಾಲ ಅನಾಮಧೇಯವಾಗಿಯೇ ಉಳಿಯಿತು.

ತಂಡದ ಹೆಸರು ಹುಟ್ಟಿದ ಬಗೆಗೆ ಒಮ್ಮತವಿಲ್ಲ. ಜೂನ್ 14ರಂದು ಲಂಡನ್ನಿನ ಲೈಸಿಯಂ ರಂಗಮಂದಿರದ ಸಹಾಯಾರ್ಥ ಕಛೇರಿಗೆ ‘ಎರಿಕ್ ಕ್ಲಾಪ್ಟನ್ ಮತ್ತು ಗೆಳೆಯರು’ ಎಂಬ ಪ್ರಚಾರವಿತ್ತು. ಪಿಯಾನೊ ವಾದಕ ಟೋನಿ ಆಷ್ಟನ್ ಕ್ಲಾಪ್ಟನ್‌ನನ್ನು ‘ಡೆಲ್’ ಎಂದು ಕರೆಯುತ್ತಿದ್ದ, ‘ಡೆಲ್ ಅಂಡ್ ದ ಡೊಮಿನೋಸ್’ ಅವನದೇ ಸಲಹೆ, ಅದೇ ಡೆರೆಕ್ ಆಯಿತು ಎಂಬುದು ಕ್ಲಾಪ್ಟನ್‌ನ ಆತ್ಮಕಥೆಯೂ ಒಪ್ಪುವ ಕಥೆ. ‘ಎರಿಕ್ ಅಂಡ್ ದ ಡೈನಮೋಸ್’ ಎಂಬುದನ್ನು ಆಷ್ಟನ್ ತಪ್ಪಾಗಿ ಉಚ್ಚರಿಸಿದ ಎಂದು ವಿಟ್‌ಲಾಕ್ ಹೇಳಿದ್ದಾನೆ. ಎರಡೂ ಕಥೆಗಳಲ್ಲಿ ಆಷ್ಟನ್ ಇರುವುದಷ್ಟೇ ಸಮಾನ. ಆಗಸ್ಟ್‌ನ ಬ್ರಿಟನ್ ಪ್ರವಾಸ ಸಣ್ಣ ಕ್ಲಬ್‌ಗಳಲ್ಲಿ ನಡೆಯಿತು. ಟಿಕೆಟ್ ಒಂದು ಪೌಂಡ್ ಮೀರಬಾರದು, ಕ್ಲಾಪ್ಟನ್ ಹೆಸರು ಜಾಹೀರಾತಿನಲ್ಲಿ ಇರಬಾರದು ಎಂಬುದು ಷರತ್ತು.

ಆಗಸ್ಟ್ ಕೊನೆಯಲ್ಲಿ ತಂಡ ‘ಲೈಲಾ’ ಆಲ್ಬಮ್ ಮುದ್ರಿಸಲು ಮಯಾಮಿಯ ಕ್ರೈಟೀರಿಯಾ ಸ್ಟುಡಿಯೊ ಸೇರಿತು. ನಿರ್ಮಾಪಕ ಟಾಮ್ ಡೌಡ್. ಆಗಸ್ಟ್ 26ರಂದು ಆಲ್‌ಮನ್ ಬ್ರದರ್ಸ್ ತಂಡದ ಕಛೇರಿಗೆ ಡೌಡ್ ಎಲ್ಲರನ್ನೂ ಕರೆದೊಯ್ದ. ಮುಂದೆಯೇ ಕುಳಿತಿದ್ದ ಕ್ಲಾಪ್ಟನ್‌ನನ್ನು ಕಂಡು ಡುವೇನ್ ಆಲ್‌ಮನ್ ನುಡಿಸುವುದನ್ನೇ ನಿಲ್ಲಿಸಿಬಿಟ್ಟನಂತೆ. ಅದೇ ರಾತ್ರಿ ಎರಡೂ ತಂಡಗಳು ಸ್ಟುಡಿಯೊದಲ್ಲಿ ಕೂಡಿ ನುಡಿಸಿದವು. ಔಷಧದ ಗಾಜಿನ ಸೀಸೆಯನ್ನು ಬೆರಳಿಗೆ ತೊಟ್ಟು ಸ್ಲೈಡ್ ನುಡಿಸುತ್ತಿದ್ದ ಆಲ್‌ಮನ್, ಆಲ್ಬಮ್ಮಿನ ಹದಿನಾಲ್ಕು ಹಾಡುಗಳಲ್ಲಿ ಹನ್ನೊಂದರಲ್ಲಿದ್ದಾನೆ. ಮೊದಲ ಮೂರರಲ್ಲಿ ಇಲ್ಲ. ಜಿಮಿ ಹೆಂಡ್ರಿಕ್ಸ್‌ನ ‘ಲಿಟಲ್ ವಿಂಗ್’ ಇಲ್ಲಿ ಮುದ್ರಣವಾದ ಕೆಲವೇ ದಿನಗಳಲ್ಲಿ, ಸೆಪ್ಟೆಂಬರ್ 18ರಂದು, ಹೆಂಡ್ರಿಕ್ಸ್ ಲಂಡನ್ನಿನಲ್ಲಿ ತೀರಿಕೊಂಡ.

ಹ್ಯಾರಿಸನ್‌ನ ಪತ್ನಿ ಪ್ಯಾಟಿ ಬಾಯ್ಡ್ ಮೇಲಿನ ಒಲವು ‘ಲೈಲಾ’ ಹಾಡಿಗೆ ಪ್ರೇರಣೆ ಎಂಬುದೂ ಶೀರ್ಷಿಕೆ ಪಾರಸಿ ಕವಿ ನಿಜಾಮಿಯ ಲೈಲಾ-ಮಜ್ನು ಕಾವ್ಯದಿಂದ ಬಂತೆಂಬುದೂ ಹಲವು ಬಾರಿ ಬರೆಯಲ್ಪಟ್ಟ ಸಂಗತಿಗಳು. ವಿವಾದವಿರುವುದು ಹಾಡಿನ ದೀರ್ಘ ಪಿಯಾನೊ ಉತ್ತರಭಾಗದ ಕುರಿತು. ಮುಖ್ಯ ಹಾಡಾದ ಕೆಲವು ವಾರಗಳ ಮೇಲೆ ಸೇರಿಸಿದ ಈ ಭಾಗಕ್ಕಾಗಿ ಗಾರ್ಡನ್ ಸಹರಚನಕಾರನೆಂದು ನಮೂದಾಗಿದ್ದಾನೆ. ಹಿಂದೆ ಅವನ ಸಂಗಾತಿಯಾಗಿದ್ದ ಗಾಯಕಿ ರೀಟಾ ಕೂಲಿಜ್, ಆ ಮಟ್ಟು ತಾವಿಬ್ಬರೂ ಕೂಡಿ ಬರೆದ ‘ಟೈಮ್’ ಎಂಬ ಗೀತೆಯದು ಎನ್ನುತ್ತಾಳೆ; ಅದರ ಕ್ಯಾಸೆಟ್ಟನ್ನು ಕ್ಲಾಪ್ಟನ್‌ಗೆ ಕೊಟ್ಟಿದ್ದಾಗಿ 2016ರ ಆತ್ಮಕಥೆಯಲ್ಲಿ ಬರೆದಿದ್ದಾಳೆ. ಮಟ್ಟು ಕೂಲಿಜ್‌ಳಿಂದಲೇ ಬಂತೆಂದು ವಿಟ್‌ಲಾಕ್ ಕೂಡ ಹೇಳಿದ್ದಾನೆ. ‘ಟೈಮ್’ ಗೀತೆಯನ್ನು ಅವಳ ಅಕ್ಕ ಪ್ರಿಸಿಲಾ ಮತ್ತು ಬುಕರ್ ಟಿ. ಜೋನ್ಸ್ 1973ರ ಆಲ್ಬಮ್ಮಿನಲ್ಲಿ ಹಾಡಿದ್ದಾರೆ. ಎರಡನ್ನೂ ಒಟ್ಟಿಗೆ ಕೇಳಿದವರಿಗೆ ಕೂಲಿಜ್‌ಳ ಮಾತನ್ನು ತಳ್ಳಿಹಾಕುವುದು ಕಷ್ಟ.

ಅಕ್ಟೋಬರ್ ಮಧ್ಯದಿಂದ ಡಿಸೆಂಬರ್ 6ರವರೆಗೆ ಅಮೆರಿಕ ಪ್ರವಾಸ. ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್ ಕಛೇರಿಗಳ ಮುದ್ರಣ 1973ರಲ್ಲಿ ಪ್ರಕಟವಾಯಿತು. ನವೆಂಬರ್ 5ರಂದು ನ್ಯಾಶ್‌ವಿಲ್‌ನಲ್ಲಿ ಜಾನಿ ಕ್ಯಾಶ್‌ನ ಟಿ.ವಿ. ಕಾರ್ಯಕ್ರಮಕ್ಕೆ ಕಾರ್ಲ್ ಪರ್ಕಿನ್ಸ್ ಜೊತೆ ಚಿತ್ರೀಕರಣ ನಡೆಯಿತು. ಆಲ್‌ಮನ್ ಇಡೀ ಪ್ರವಾಸದಲ್ಲಿದ್ದ ಎಂಬ ಭಾವನೆ ಕೆಲವೆಡೆ ಇದೆ. ಅವನು ವೇದಿಕೆಗೆ ಬಂದದ್ದು ಡಿಸೆಂಬರ್ 1ರಂದು ಟ್ಯಾಂಪಾದಲ್ಲಿ, ಮರುದಿನ ಸಿರಕ್ಯೂಸ್‌ನಲ್ಲಿ.

ನವೆಂಬರಿನಲ್ಲಿ ಬಂದ ಜೋಡಿ ಆಲ್ಬಮ್ಮಿನ ಮುಖಪುಟದಲ್ಲಿ ಒಂದು ವರ್ಣಚಿತ್ರವಷ್ಟೇ ಇತ್ತು, ಕ್ಲಾಪ್ಟನ್‌ನ ಹೆಸರಿರಲಿಲ್ಲ. ‘ಡೆರೆಕ್ ಎಂದರೆ ಎರಿಕ್’ ಎಂಬ ಬ್ಯಾಡ್ಜ್‌ಗಳನ್ನು ಕಂಪನಿ ಹಂಚಬೇಕಾಯಿತು. ಅಮೆರಿಕದಲ್ಲಿ ಆಲ್ಬಮ್ 16ನೆಯ ಸ್ಥಾನಕ್ಕೇರಿತು. ಬ್ರಿಟನ್ನಿನ ಪಟ್ಟಿಗೆ ಆಗ ಸೇರಲಿಲ್ಲ. ‘ಲೈಲಾ’ ಎರಡೂ ದೇಶಗಳಲ್ಲಿ ಮೊದಲ ಹತ್ತರೊಳಗೆ ಬಂದದ್ದು 1972ರಲ್ಲಿ. ಅಷ್ಟರಲ್ಲಿ ತಂಡ ಒಡೆದಿತ್ತು, ಆಲ್‌ಮನ್ 1971ರ ಅಕ್ಟೋಬರಿನಲ್ಲಿ ಮೋಟಾರ್‌ಸೈಕಲ್ ಅಪಘಾತದಲ್ಲಿ ಸತ್ತಿದ್ದ. ಮಯಾಮಿಯಲ್ಲಿ ಎರಡೂ ತಂಡಗಳು ಕೂಡಿದ ರಾತ್ರಿಯ ವಾದನ 1990ರಲ್ಲಿ ‘ದ ಲೈಲಾ ಸೆಷನ್ಸ್’ ಸಂಪುಟದಲ್ಲಿ ಹೊರಬಂತು. ‘ಲೈಲಾ’ ಹಾಡಿನ ರಚನಕಾರರಾಗಿ ಮುದ್ರಿತವಾಗುತ್ತ ಬಂದಿರುವುದು ಕ್ಲಾಪ್ಟನ್ ಮತ್ತು ಗಾರ್ಡನ್ ಹೆಸರುಗಳು ಮಾತ್ರ.